ಹಿಂದಿನ ಮೇಜಿನ ಹುಡುಗ ಪಾಲ್ ಲಾಟರ್‌ಬರ್

ಸೊಂಟನೋವು, ಮಂಡಿನೋವು, ತಲೆಗೆ ಪೆಟ್ಟು ಎಂದು ಪಟ್ಟಣದ ಆಸ್ಪತ್ರೆಗೆ ಹೋದರೆ ಎಂಆರ್‌ಐ ಮಾಡಿಸಿಕೊಂಡು ಬನ್ನಿ ಎಂದು ಡಾಕ್ಟರು ಚೀಟಿ ಬರೆದುಕೊಡುವುದು ಈಗ ಸಾಮಾನ್ಯ. ಕೊಳವೆಯಂಥ ಆ ಯಂತ್ರದೊಳಗೆ ಮಲಗಿ, ಅದರ ಬಡಿತದ ಸದ್ದು ಕೇಳಿ ಬಂದವರು ನಮ್ಮೂರಿನಲ್ಲೂ ಇದ್ದಾರೆ. ದೇಹವನ್ನು ಕೊಯ್ಯದೆ, ಎಕ್ಸ್‌ರೇ ಹಾಯಿಸದೆ ಒಳಗಿನದನ್ನು ಚಿತ್ರವಾಗಿ ತೋರಿಸುವ ಈ ವಿಧಾನಕ್ಕೆ ಬುನಾದಿ ಹಾಕಿದವರು ಅಮೆರಿಕದ ರಸಾಯನ ವಿಜ್ಞಾನಿ ಪಾಲ್ ಲಾಟರ್‌ಬರ್. ಅವರ ಜೀವನದಲ್ಲಿ ಒಬ್ಬ ಹೈಸ್ಕೂಲು ಶಿಕ್ಷಕರ ಪಾಲೂ ಇದೆ. ಆದ್ದರಿಂದಲೇ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಅವರ ಕಥೆಯನ್ನು ಆರಿಸಿಕೊಂಡೆ.

ಲಾಟರ್‌ಬರ್ ಹುಟ್ಟಿದ್ದು 1929ರ ಮೇ 6ರಂದು, ಒಹಾಯೊ ರಾಜ್ಯದ ಸಿಡ್ನಿ ಎಂಬ ಸಣ್ಣ ಊರಿನಲ್ಲಿ. ತಂದೆ ಎಂಜಿನಿಯರ್. ಹುಡುಗನಿಗೆ ರಸಾಯನಶಾಸ್ತ್ರದ ಹುಚ್ಚು. ಮನೆಯ ನೆಲಮಾಳಿಗೆಯಲ್ಲೇ ಒಂದು ಪ್ರಯೋಗಶಾಲೆ ಮಾಡಿಕೊಂಡಿದ್ದ. ಶಾಲೆಯ ರಸಾಯನಶಾಸ್ತ್ರದ ಮೇಷ್ಟ್ರು ಇದನ್ನು ಗಮನಿಸಿದರು. ತರಗತಿಯ ಹಿಂಭಾಗದಲ್ಲಿ ಅವನಷ್ಟಕ್ಕೆ ಅವನು ಪ್ರಯೋಗ ಮಾಡಿಕೊಳ್ಳಲು ಬಿಟ್ಟರು. ಮುಂದೆ ಪಾಠ ನಡೆಯುತ್ತಿರುತ್ತಿತ್ತು, ಹಿಂದೆ ಅವನ ಕೆಲಸ ಸಾಗುತ್ತಿತ್ತು.

1951ರಲ್ಲಿ ಕ್ಲೀವ್‌ಲೆಂಡಿನ ಕೇಸ್ ಸಂಸ್ಥೆಯಿಂದ ಪದವಿ ಪಡೆದು ಅವರು ಪಿಟ್ಸ್‌ಬರ್ಗಿನ ಮೆಲನ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ನಡುವೆ ಎರಡು ವರ್ಷ ಸೇನೆಯ ಕಡ್ಡಾಯ ಸೇವೆ ಬಂತು. ಅಲ್ಲಿನ ಪ್ರಯೋಗಾಲಯದಲ್ಲಿ ಆಗಿನ ಕಾಲಕ್ಕೆ ಹೊಸದಾಗಿದ್ದ ಎನ್‌ಎಂಆರ್ ಯಂತ್ರ ಅವರ ಕೈಗೆ ಸಿಕ್ಕಿತು. ನೀರಿನಲ್ಲೂ ಕೊಬ್ಬಿನಲ್ಲೂ ಇರುವ ಹೈಡ್ರೊಜನ್ ಪರಮಾಣುವಿನ ಬೀಜಕೇಂದ್ರ ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಅದನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಸರಿಯಾದ ಆವೃತ್ತಿಯ ರೇಡಿಯೊ ಅಲೆ ಕಳಿಸಿದರೆ, ಅದು ಕ್ಷೀಣವಾದ ಒಂದು ಸಂಕೇತವನ್ನು ಹಿಂದಿರುಗಿಸುತ್ತದೆ. 1946ರಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಇದನ್ನು ಬೇರೆಬೇರೆಯಾಗಿ ತೋರಿಸಿಕೊಟ್ಟು, 1952ರಲ್ಲಿ ನೊಬೆಲ್ ಹಂಚಿಕೊಂಡಿದ್ದರು. ಅಣುಗಳ ರಚನೆ ತಿಳಿಯಲು ರಸಾಯನ ವಿಜ್ಞಾನಿಗಳು ಈ ವಿದ್ಯೆಯನ್ನು ಬಳಸುತ್ತಿದ್ದರು. ಲಾಟರ್‌ಬರ್ ಇದರಲ್ಲಿ ಪಳಗಿದರು. ಕೆಲಸ ಮಾಡುತ್ತಲೇ ಓದಿ 1962ರಲ್ಲಿ ಪಿಎಚ್‌ಡಿ ಮುಗಿಸಿದರು. ಮರುವರ್ಷ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು.

ಪಿಟ್ಸ್‌ಬರ್ಗಿನ ಹತ್ತಿರ ಎನ್‌ಎಂಆರ್ ಸ್ಪೆಷಾಲಿಟೀಸ್ ಎಂಬ ಸಣ್ಣ ಕಂಪನಿಯೊಂದಿತ್ತು. 1971ರಲ್ಲಿ ಅದು ಹಣದ ಮುಗ್ಗಟ್ಟಿಗೆ ಸಿಕ್ಕಿತು. ಬೇಸಿಗೆ ರಜೆಯಲ್ಲಿ ಅದರ ಹೊಣೆ ಲಾಟರ್‌ಬರ್ ಹೆಗಲಿಗೆ ಬಿತ್ತು. ಹೋದದ್ದು ಕಂಪನಿ ಉಳಿಸಲು. ಆದರೆ ಕಣ್ಣು ಬಿದ್ದದ್ದು ಅಲ್ಲಿ ನಡೆಯುತ್ತಿದ್ದ ಒಂದು ಪ್ರಯೋಗದ ಮೇಲೆ. ಇಲಿಗಳ ಕ್ಯಾನ್ಸರ್ ಗಡ್ಡೆಯ ಸಂಕೇತವೂ ಆರೋಗ್ಯವಂತ ಅಂಗಾಂಶದ ಸಂಕೇತವೂ ಬೇರೆಬೇರೆ ಎಂದು ರೇಮಂಡ್ ಡಮೇಡಿಯನ್ ಎಂಬ ವೈದ್ಯರು ಅದೇ ವರ್ಷ ಪ್ರಕಟಿಸಿದ್ದರು. ಅದನ್ನು ಪರೀಕ್ಷಿಸಿ ನೋಡಲು ಬೇರೆ ಸಂಶೋಧಕರೊಬ್ಬರು ಕಂಪನಿಗೆ ಬಂದು, ಇಲಿಗಳನ್ನು ಕೊಂದು, ಅಂಗಾಂಶ ಕತ್ತರಿಸಿ ಯಂತ್ರದಲ್ಲಿಟ್ಟು ಅಳೆಯುತ್ತಿದ್ದರು. ವ್ಯತ್ಯಾಸವೇನೋ ಸ್ಪಷ್ಟವಾಗಿತ್ತು. ಆದರೆ ಬದುಕಿರುವ ರೋಗಿಯನ್ನು ಹೀಗೆ ಕತ್ತರಿಸಿ ನೋಡಲಾದೀತೇ? ಹೊರಗಿನಿಂದಲೇ ಸಂಕೇತ ಹಿಡಿದರೆ, ಅದು ದೇಹದ ಯಾವ ಜಾಗದಿಂದ ಬಂತೆಂದು ತಿಳಿಯುವುದು ಹೇಗೆ?

ಸೆಪ್ಟೆಂಬರ್ 2ರ ಸಂಜೆ ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ಉತ್ತರ ಹೊಳೆಯಿತು. ಅಂಗಡಿಯಿಂದ ಒಂದು ನೋಟ್‌ಬುಕ್ ಕೊಂಡು ಆ ರಾತ್ರಿಯೇ ಎಲ್ಲವನ್ನೂ ಬರೆದಿಟ್ಟರು.

ಉಪಾಯ ಸರಳ. ತರಗತಿಯಲ್ಲಿ ಎಲ್ಲ ಮಕ್ಕಳೂ ಒಂದೇ ಸ್ವರದಲ್ಲಿ ಒಟ್ಟಿಗೆ ಹಾಜರಿ ಹೇಳಿದರೆ ಯಾರು ಎಲ್ಲಿದ್ದಾರೆಂದು ಗೊತ್ತಾಗುವುದಿಲ್ಲ. ಮೊದಲ ಸಾಲಿನವರದು ತಗ್ಗಿದ ಸ್ವರ, ಹಿಂದೆ ಹೋದಂತೆ ಏರುಸ್ವರ ಎಂದು ಗೊತ್ತು ಮಾಡಿದರೆ, ಕಣ್ಣು ಮುಚ್ಚಿಕೊಂಡೂ ಸಾಲು ಗುರುತಿಸಬಹುದು. ಬೀಜಕೇಂದ್ರದ ಸಂಕೇತದ ಆವೃತ್ತಿ ಕಾಂತಕ್ಷೇತ್ರದ ಬಲವನ್ನು ಅವಲಂಬಿಸಿದೆ. ಆ ಬಲವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಏರುವಂತೆ ಮಾಡಿದರೆ, ಆವೃತ್ತಿಯೇ ಜಾಗದ ವಿಳಾಸವಾಗುತ್ತದೆ. ಹೀಗೆ ಹಲವು ದಿಕ್ಕುಗಳಿಂದ ಅಳೆದು ಕಂಪ್ಯೂಟರಿನ ಲೆಕ್ಕದಲ್ಲಿ ಕೂಡಿಸಿದರೆ ಚಿತ್ರ ಮೂಡುತ್ತದೆ. ಸಾಫ್ಟ್‌ವೇರ್ ಕೆಲಸದವನಾದ ನನಗೆ ಈ ಕೊನೆಯ ಹೆಜ್ಜೆ ಮೊದಲು ಅರ್ಥವಾಯಿತು. ಮೊದಲ ಹೆಜ್ಜೆಯ ಜಾಣತನ ತಿಳಿಯಲು ಹೆಚ್ಚು ಸಮಯ ಹಿಡಿಯಿತು.

ಸ್ಟೋನಿ ಬ್ರೂಕ್‌ನಲ್ಲಿ ಯಂತ್ರ ಎಲ್ಲರ ಪಾಲಿನದು. ಲಾಟರ್‌ಬರ್ ರಾತ್ರಿ ಅದನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡು, ಬೆಳಗಾಗುವ ಮುನ್ನ ಮೊದಲಿದ್ದ ಹಾಗೆಯೇ ಇಟ್ಟು ಹೋಗುತ್ತಿದ್ದರು. ಭಾರಜಲದೊಳಗೆ ಇರಿಸಿದ, ಸಾಮಾನ್ಯ ನೀರು ತುಂಬಿದ ಎರಡು ಸಣ್ಣ ಗಾಜಿನ ನಳಿಕೆಗಳು ಚಿತ್ರದಲ್ಲಿ ಬೇರೆಬೇರೆಯಾಗಿ ಕಂಡವು. ಈ ಕುರಿತ ಲೇಖನವನ್ನು ನೇಚರ್ ಪತ್ರಿಕೆ ಮೊದಲು ತಿರಸ್ಕರಿಸಿತು. ಅವರು ಸುಮ್ಮನಾಗದೆ ಮತ್ತೆ ಪರಿಶೀಲಿಸಲು ಕೇಳಿಕೊಂಡರು. 1973ರ ಮಾರ್ಚ್ 16ರಂದು ಅದು ಅಚ್ಚಾಯಿತು. ಮುಂದೆ, ಮಗಳು ಕಡಲ ತೀರದಿಂದ ಆಯ್ದು ತಂದ ಪುಟ್ಟ ಚಿಪ್ಪುಜೀವಿಯೊಂದರ ಒಳಗೂ ಈ ಯಂತ್ರ ಇಣುಕಿತು.

ಪೇಟೆಂಟ್ ಪಡೆಯೋಣವೆಂದರೆ, ಅದಕ್ಕೆ ಹಾಕಿದ ಖರ್ಚೂ ಹುಟ್ಟುವುದಿಲ್ಲವೆಂದು ವಿಶ್ವವಿದ್ಯಾಲಯ ಕೈಬಿಟ್ಟಿತು. ಕೆಲವೇ ವರ್ಷಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳು ಈ ಯಂತ್ರ ಮಾಡಿ ಮಾರತೊಡಗಿದವು. 1985ರಲ್ಲಿ ಲಾಟರ್‌ಬರ್ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. 2003ರಲ್ಲಿ ಅವರಿಗೂ, ಚಿತ್ರಣವನ್ನು ವೇಗಗೊಳಿಸಿದ ಬ್ರಿಟನ್ನಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಬಂತು. ತಮ್ಮನ್ನು ಬಿಟ್ಟದ್ದು ಅನ್ಯಾಯವೆಂದು ಡಮೇಡಿಯನ್ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟರು. ನನಗನ್ನಿಸುವಂತೆ ವ್ಯತ್ಯಾಸವಿದೆ ಎಂದು ಕಂಡದ್ದು ಒಬ್ಬರು, ಅದು ಎಲ್ಲಿದೆ ಎಂದು ತೋರಿಸುವ ದಾರಿ ಕಂಡದ್ದು ಇನ್ನೊಬ್ಬರು. ಮೊದಲಿನದಿಲ್ಲದೆ ಎರಡನೆಯ ಪ್ರಶ್ನೆ ಹುಟ್ಟುತ್ತಿರಲಿಲ್ಲ. 2007ರ ಮಾರ್ಚ್ 27ರಂದು ಲಾಟರ್‌ಬರ್ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು.

ಐವತ್ತು ವರ್ಷದ ನೆನಪಿಗೆ ಏನು ಕಟ್ಟಿಸೋಣವೆಂದು ನಾವು ಹಳೆಯ ವಿದ್ಯಾರ್ಥಿಗಳು ಚರ್ಚಿಸುತ್ತಿದ್ದೇವೆ. ಕಮಾನು ಬೇಕೆನ್ನುವವರಿದ್ದಾರೆ, ರಂಗಮಂದಿರ ಬೇಕೆನ್ನುವವರೂ ಇದ್ದಾರೆ. ವಿಜ್ಞಾನದ ಕೊಠಡಿಯ ಹಿಂಭಾಗದಲ್ಲಿ ಒಂದು ಉದ್ದ ಮೇಜು, ಒಂದು ನಲ್ಲಿ, ಮಕ್ಕಳು ಕೇಳಿದಾಗ ತೆರೆಯುವ ಒಂದು ಕಪಾಟು ಇರಲಿ ಎಂಬುದು ನನ್ನ ಕೋರಿಕೆ. ಅಲ್ಲಿ ಯಾವ ಹುಡುಗ, ಯಾವ ಹುಡುಗಿ ಬಂದು ನಿಲ್ಲುತ್ತಾರೋ ಮೇಷ್ಟ್ರುಗಳು ನೋಡಿಕೊಳ್ಳಲಿ.