ಅಪ್ಗಾರ್ ಸ್ಕೋರ್ ಮಗುವಿನ ಬುದ್ಧಿಗೆ ಕೊಟ್ಟ ಅಂಕವೇ? ಆ ಹೆಸರಿನ ವೈದ್ಯೆಯ ಕಥೆ ಓದಿ

ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಹಾಳೆಯಲ್ಲಿ ಅಪ್ಗಾರ್ 7, 9 ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಮಗು ಎಷ್ಟು ಬುದ್ಧಿವಂತ ಎಂಬುದರ ಅಂಕ ಇದು ಎಂದು ಕೆಲವರು ತಿಳಿಯುತ್ತಾರೆ. ಅದು ತಪ್ಪು. ಅಪ್ಗಾರ್ ಒಬ್ಬ ಅರಿವಳಿಕೆ ವೈದ್ಯೆಯ ಹೆಸರು. ಅವರ ಬದುಕನ್ನು ನೋಡಿದರೆ ಈ ಅಂಕದ ಅರ್ಥವೂ ತಿಳಿಯುತ್ತದೆ.

ವರ್ಜೀನಿಯಾ ಅಪ್ಗಾರ್ ಹುಟ್ಟಿದ್ದು 1909ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ. 1933ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯೆಯಾದರು. ಸರ್ಜನ್ ಆಗುವ ಆಸೆಯಿತ್ತು. ಆದರೆ ಮಹಿಳೆಗೆ ಅಲ್ಲಿ ನೆಲೆ ಸಿಗುವುದು ಕಷ್ಟವೆಂದು ಹಿರಿಯ ಸರ್ಜನ್ ಅಲೆನ್ ವಿಪಲ್ ಅವರನ್ನು ಅರಿವಳಿಕೆಯ ಕಡೆಗೆ ತಿರುಗಿಸಿದರು.

ಆಗ ಅಲ್ಲಿ ಆ ಕೆಲಸವನ್ನು ಹೆಚ್ಚಾಗಿ ನರ್ಸ್‌ಗಳೇ ಮಾಡುತ್ತಿದ್ದರು. ವೈದ್ಯರಿಗೆ ಅದನ್ನು ಕಲಿಸುವ ಕಡೆಗಳೇ ವಿರಳ. ವಿಸ್ಕಾನ್ಸಿನ್‌ನಲ್ಲಿ ರಾಲ್ಫ್ ವಾಟರ್ಸ್ ಬಳಿ ಕಲಿತ ಅಪ್ಗಾರ್, 1938ರಲ್ಲಿ ಕೊಲಂಬಿಯಾದ ಅರಿವಳಿಕೆ ವಿಭಾಗದ ಮುಖ್ಯಸ್ಥೆಯಾಗಿ ಯುವ ವೈದ್ಯರನ್ನು ತರಬೇತುಗೊಳಿಸಿದರು. 1949ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರೊಫೆಸರ್ ಆದರು. ಎಲ್ಲಾದರೂ ಯಾರದಾದರೂ ಉಸಿರುದಾರಿ ಕಟ್ಟಿಕೊಂಡರೆ ಬೇಕಾಗುತ್ತದೆಂದು, ಬ್ಯಾಗಿನಲ್ಲಿ ಚಿಕ್ಕ ಚಾಕು ಮತ್ತು ಉಸಿರಾಟದ ಕೊಳವೆ ಇಟ್ಟುಕೊಂಡೇ ಓಡಾಡುತ್ತಿದ್ದರು.

ಹೆರಿಗೆ ಕೋಣೆಯಲ್ಲಿ ಅವರಿಗೆ ಒಂದು ಕೊರತೆ ಕಂಡಿತು. ತಾಯಿಗೆ ಕೊಟ್ಟ ಅರಿವಳಿಕೆ ಮಗುವಿಗೂ ತಲುಪಿ ಅದರ ಉಸಿರಾಟವನ್ನು ಕುಗ್ಗಿಸಬಹುದು. ಆದರೆ ಎಲ್ಲರ ಕಣ್ಣು ತಾಯಿಯ ಮೇಲೆ. ನೀಲಿಗಟ್ಟಿದ ಮಗು ಗಮನಕ್ಕೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು.

ಅಪ್ಗಾರ್ 1952ರಲ್ಲಿ ಸರಳ ದಾರಿಯೊಂದನ್ನು ಮುಂದಿಟ್ಟರು. 1953ರಲ್ಲಿ ಅದು ಪ್ರಕಟವಾಯಿತು. ಹುಟ್ಟಿದ ಒಂದು ನಿಮಿಷಕ್ಕೆ ಹೃದಯ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ, ಮೈಬಣ್ಣ ನೋಡಬೇಕು. ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 10. ಐದನೇ ನಿಮಿಷದ ಪರೀಕ್ಷೆ ನಂತರ ಸೇರಿತು. ಅಂಕ ಬರೆಯಬೇಕಾದರೆ ಮಗುವನ್ನು ನೋಡಲೇಬೇಕಲ್ಲವೇ? ಹೀಗೆ ಮಗುವಿಗೂ ಒಬ್ಬರ ಗಮನ ಸಿಕ್ಕಿತು. ಯಾವ ಔಷಧ ಮಗುವನ್ನು ಮಂಕಾಗಿಸುತ್ತದೆಂದು ಹೋಲಿಸಲೂ ಸಾಧ್ಯವಾಯಿತು. ಸೈಕ್ಲೋಪ್ರೊಪೇನ್ ಅನಿಲದ ತೊಂದರೆ ಕಂಡಾಗ, ಹೆರಿಗೆಯಲ್ಲಿ ಅದನ್ನು ಬಳಸುವುದನ್ನೇ ಅವರು ಬಿಟ್ಟರು.

1974ರಲ್ಲಿ ಅಪ್ಗಾರ್ ತೀರಿಕೊಂಡರು. ಅವರ ಅಂಕ ಇಂದಿಗೂ ಉಳಿದಿದೆ.

ನೆನಪಿಡಿ: ಇದು ಹುಟ್ಟಿದ ಕೆಲ ನಿಮಿಷಗಳ ಸ್ಥಿತಿಯನ್ನಷ್ಟೇ ಹೇಳುತ್ತದೆ. ಮುಂದೆ ಮಗು ಹೇಗೆ ಓದುತ್ತದೆ ಎಂಬುದನ್ನು ಹೇಳುವುದಿಲ್ಲ. ಉಸಿರಾಡದ ಮಗುವಿಗೆ ಚಿಕಿತ್ಸೆ ಕೊಡಲು ಇಂದಿನ ವೈದ್ಯರು ಈ ಅಂಕಕ್ಕಾಗಿ ಒಂದು ನಿಮಿಷ ಕಾಯುವುದೂ ಇಲ್ಲ. ಅಂಕ ಕಡಿಮೆಯೆಂದು ಕೊರಗುವ ಹೊಸ ತಾಯಿ ನಿಮ್ಮ ಮನೆಯಲ್ಲಿದ್ದರೆ, ಅವರಿಗೆ ಇದನ್ನು ಕಳಿಸಿ ಎಂದು ನಾವು ಕೋರುತ್ತೇವೆ.