ಕುರಿಗಳನ್ನು ಕೈಬಿಡದ ಕುರಿಗಾಹಿ ಸಂತ ಜೋಸೆಫ್ ವಾಜ್



ಈ ಮುಡಿಪು ಬೆಟ್ಟ ಹತ್ತಿ ಬರುವವರಲ್ಲಿ ಕಷ್ಟ ಇಲ್ಲದವರು ಯಾರೂ ಇಲ್ಲ. ಸಾಲ, ಕಾಯಿಲೆ, ಮಕ್ಕಳ ಚಿಂತೆ, ಒಂದಲ್ಲ ಒಂದು ಇದ್ದೇ ಇರುತ್ತದೆ. ಯಾರ ಮಧ್ಯಸ್ಥಿಕೆ ಬೇಡಿ ನಾವು ಇಲ್ಲಿಗೆ ಬರುತ್ತೇವೋ ಆ ಸಂತರ ಜೀವನವೂ ಸುಖದ್ದಾಗಿರಲಿಲ್ಲ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವಾದ ಬೆನಾವ್ಲಿಯಲ್ಲಿ, ತಾಯಿಯ ತವರೂರಿನಲ್ಲಿ ಹುಟ್ಟಿದರು. 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ನಮ್ಮ ಕೆನರಾ ಸೀಮೆಗೆ ಬಂದರು. ಆಗ ಇಲ್ಲಿ ಧರ್ಮಗುರುಗಳ ಅಧಿಕಾರದ ವಿಷಯದಲ್ಲಿ ಜಗಳವಿತ್ತು, ಜನ ಗೊಂದಲದಲ್ಲಿದ್ದರು. ವಾಜರು ಮಂಗಳೂರು, ಬಸ್ರೂರು, ಗಂಗೊಳ್ಳಿ ಅಂತ ಊರೂರು ಸುತ್ತಿ ಭಕ್ತರನ್ನು ಒಟ್ಟುಗೂಡಿಸಿದರು. ಈ ಬೆಟ್ಟದಲ್ಲಿ ಅವರು ಪ್ರಾರ್ಥಿಸಿದಾಗ ಬಂಡೆಯಿಂದ ನೀರು ಒಸರಿತು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ.

1684ರಲ್ಲಿ ಅವರು ಗೋವಾಕ್ಕೆ ಹಿಂತಿರುಗಿದರು. ಆದರೆ ಅವರ ಮನಸ್ಸೆಲ್ಲ ಶ್ರೀಲಂಕಾದ ಮೇಲಿತ್ತು. 1658ರ ಹೊತ್ತಿಗೆ ಡಚ್ಚರು ಅಲ್ಲಿನ ಕರಾವಳಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡು ಕಥೋಲಿಕ ಗುರುಗಳನ್ನು ಹೊರಗೆ ಹಾಕಿದ್ದರು. ಸುಮಾರು 30 ವರ್ಷ ಅಲ್ಲಿನ ಕ್ರೈಸ್ತರಿಗೆ ಬಲಿಪೂಜೆಯೂ ಇಲ್ಲ, ಪಾಪನಿವೇದನೆಯೂ ಇಲ್ಲ. ಹುಟ್ಟಿದ ಮಗುವಿಗೆ, ಸಾಯುವ ಮುದುಕರಿಗೆ ಆಶೀರ್ವಾದ ಕೊಡಲು ಒಬ್ಬ ಗುರು ಇಲ್ಲ.

1687ರಲ್ಲಿ ವಾಜರು ಕೂಲಿಯವನ ವೇಷದಲ್ಲಿ, ಜಾನ್ ಎಂಬ ಸೇವಕನ ಜೊತೆ ತೂತ್ತುಕುಡಿಯಿಂದ ಕಡಲು ದಾಟಿ ಜಾಫ್ನಾ ಸೇರಿದರು. ಹೋದ ಕೂಡಲೇ ಆಮಶಂಕೆ ಹಿಡಿದು ಏಳಲಾಗದ ಸ್ಥಿತಿಗೆ ಬಂದರು. ಚೇತರಿಸಿದ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ನೋಡಿ ಯಾರ ಮುಖ ಅರಳುತ್ತದೋ ಅವರು ನಮ್ಮವರು ಅಂತ ಗುರುತು ಹಿಡಿಯುವುದಕ್ಕೆ! ಸಿಕ್ಕಿಬಿದ್ದರೆ ಏನಾಗುತ್ತದೆಂದು ಗೊತ್ತಿದ್ದೂ ಹಾಗೆ ಮಾಡಿದರು. ರಾತ್ರಿ ಹೊತ್ತು ಗುಟ್ಟಾಗಿ ಪೂಜೆ ಅರ್ಪಿಸಿದರು.

1689ರ ಕ್ರಿಸ್ಮಸ್ ಸಮಯದಲ್ಲಿ ಡಚ್ಚರು ದಾಳಿ ಮಾಡಿ ಅನೇಕ ಭಕ್ತರನ್ನು ಹಿಡಿದರು. ವಾಜರು ತಪ್ಪಿಸಿಕೊಂಡರು, ಆದರೆ ಗೋವಾಕ್ಕೆ ಓಡಿ ಬರಲಿಲ್ಲ. ಡಚ್ಚರ ಕೈಗೆ ಸಿಗದ ಕ್ಯಾಂಡಿ ರಾಜ್ಯಕ್ಕೆ 1692ರಲ್ಲಿ ಹೋದರು. ಅಲ್ಲಿಯೂ ಕಷ್ಟ ಬಿಡಲಿಲ್ಲ. ಪೋರ್ಚುಗೀಸರ ಗೂಢಚಾರ ಅಂತ ಯಾರೋ ದೂರು ಕೊಟ್ಟು, ರಾಜ ಎರಡನೇ ವಿಮಲಧರ್ಮಸೂರ್ಯ ಅವರನ್ನು ಸೆರೆಯಲ್ಲಿಟ್ಟ. ಸೆರೆಯಲ್ಲಿ ಅವರು ಅಳುತ್ತಾ ಕೂತವರಲ್ಲ. ಸಿಂಹಳ ಭಾಷೆ ಕಲಿತರು.

1696ರಲ್ಲಿ ಕ್ಯಾಂಡಿಯಲ್ಲಿ ಮಳೆಯಿಲ್ಲದೆ ಬರ ಬಿತ್ತು. ವಾಜರು ಬಯಲಲ್ಲಿ ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದರು, ಮಳೆ ಸುರಿಯಿತು ಎನ್ನುತ್ತಾರೆ. ಬೌದ್ಧನಾದ ಆ ರಾಜ ಅವರಿಗೆ ಓಡಾಡಲು ಸ್ವಾತಂತ್ರ್ಯ ಕೊಟ್ಟ. ಮರುವರ್ಷ ಸಿಡುಬು ರೋಗ ಹಬ್ಬಿತು. ಹೆತ್ತವರು, ಒಡಹುಟ್ಟಿದವರೇ ರೋಗಿಗಳನ್ನು ಬಿಟ್ಟು ಹೋಗುವ ಕಾಲ. ವಾಜರು ಮಾತ್ರ ಗಾಯ ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಹೂಳಿದರು. ಯಾವ ಜಾತಿ, ಯಾವ ಧರ್ಮ ಅಂತ ಕೇಳಲಿಲ್ಲ. ತಮ್ಮನ್ನು ಸೆರೆಗೆ ಹಾಕಿದ ಊರಿನ ಜನರಿಗೇ ಈ ಸೇವೆ!

24 ವರ್ಷ ಆ ನಾಡಿನಲ್ಲಿ ಕಾಡುಮೇಡು ನಡೆದು ದೇಹ ಸವೆಯಿತು. ಹುಟ್ಟೂರಿಗೆ ಮತ್ತೆ ಬರಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಪ್ರಭುವಿನ ಪಾದ ಸೇರಿದರು. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಧನ್ಯರೆಂದು, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಸಂತರೆಂದು ಕೊಲಂಬೊದಲ್ಲಿ ಘೋಷಿಸಿದರು.

ಕಷ್ಟ ದೂರ ಮಾಡು ದೇವರೇ ಅಂತ ಬೇಡುವುದು ತಪ್ಪಲ್ಲ, ಧಾರಾಳವಾಗಿ ಬೇಡಿ. ಆದರೆ ವಾಜರ ಕಷ್ಟ ಒಂದೇ ದಿನಕ್ಕೆ ಮುಗಿಯಲಿಲ್ಲ, ಒಂದು ಮುಗಿಯುವಾಗ ಇನ್ನೊಂದು ಬಂತು. ಅವರು ಆ ದಿನದ ಕೆಲಸ ಆ ದಿನ ಮಾಡುತ್ತಾ ಹೋದರು. ಅಷ್ಟು ಶಕ್ತಿ ನಮಗೂ ಕೊಡು ಎಂದು ಇಲ್ಲಿ ಒಂದು ಮೇಣದಬತ್ತಿ ಹಚ್ಚಿ, ನಿಮ್ಮ ಮನೆಯ ಹತ್ತಿರದ ರೋಗಿಯೊಬ್ಬರನ್ನೂ ನೆನೆದು ಪ್ರಾರ್ಥಿಸಿರಿ.