ಸ್ಯಾಕ್ಸೊಫೋನ್ ಕೊಟ್ಟವನು ಬರಿಗೈಯಲ್ಲಿ ಹೋದ

ಸ್ಯಾಕ್ಸೊಫೋನ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಈ ವಾದ್ಯದ ದನಿಗೆ ಮನಸೋತ ನಾಗಸ್ವರ ವಾದಕರ ಮಗ, ಮುಂದೆ ಅದನ್ನು ಕರ್ನಾಟಕ ಸಂಗೀತದ ವೇದಿಕೆಗೆ ತಂದ ಕಥೆ ನಾಡಿಗೆಲ್ಲ ತಿಳಿದಿದೆ. ಆದರೆ ಆ ವಾದ್ಯಕ್ಕೆ ತನ್ನ ಹೆಸರನ್ನೇ ಕೊಟ್ಟ ಅಡಾಲ್ಫ್ ಸ್ಯಾಕ್ಸ್‌ನ ಬದುಕು ಅಷ್ಟಾಗಿ ಪರಿಚಿತವಲ್ಲ. ವಾದ್ಯ ಜಗತ್ತನ್ನು ಗೆದ್ದಿತು. ಅದನ್ನು ರೂಪಿಸಿದವನು ಮೂರು ಬಾರಿ ದಿವಾಳಿಯಾದ.

ಸ್ಯಾಕ್ಸ್ ಹುಟ್ಟಿದ್ದು 1814ರ ನವೆಂಬರ್ 6ರಂದು, ಇಂದಿನ ಬೆಲ್ಜಿಯಂನ ದಿನಾಂ ಪಟ್ಟಣದಲ್ಲಿ. ಹನ್ನೊಂದು ಮಕ್ಕಳಲ್ಲಿ ಹಿರಿಯವನು. ತಂದೆ ಷಾರ್ಲ್ ವಾದ್ಯ ತಯಾರಕ. ಬಾಲ್ಯದಲ್ಲಿ ಎತ್ತರದಿಂದ ಬಿದ್ದು, ಸೂಜಿ ನುಂಗಿ, ಸುಟ್ಟುಕೊಂಡು, ನದಿಯಲ್ಲಿ ಮುಳುಗಿಯೂ ಬದುಕುಳಿದ ಹುಡುಗ ಎಂದು ಆತನ ಚರಿತ್ರೆಕಾರರು ಹೇಳುತ್ತಾರೆ. ಬ್ರಸೆಲ್ಸ್‌ನಲ್ಲಿ ಕೊಳಲು ಮತ್ತು ಕ್ಲಾರಿನೆಟ್ ಕಲಿತ ಆತ, 1838ರಲ್ಲಿ ಸುಧಾರಿತ ಬೇಸ್ ಕ್ಲಾರಿನೆಟ್‌ಗೆ ಪೇಟೆಂಟ್ ಪಡೆದ. ಆಗ ವಯಸ್ಸು ಇನ್ನೂ ಇಪ್ಪತ್ನಾಲ್ಕು ತುಂಬಿರಲಿಲ್ಲ.

ಕ್ಲಾರಿನೆಟ್ ಆತನಿಗೆ ಒಂದು ಕೊರತೆಯನ್ನೂ ತೋರಿಸಿಕೊಟ್ಟಿತು. ಅದರ ಕೊಳವೆ ಹೆಚ್ಚುಕಡಿಮೆ ಒಂದೇ ಅಗಲದ್ದು. ಮೇಲಿನ ಸ್ಥಾಯಿಗೆ ಹೋದಾಗ ಸ್ವರ ಎಂಟನೆಯದಕ್ಕೆ ನೆಗೆಯದೆ ಹನ್ನೆರಡನೆಯದಕ್ಕೆ ನೆಗೆಯುತ್ತದೆ. ಹೀಗಾಗಿ ಎರಡು ಸ್ಥಾಯಿಗಳಿಗೆ ಬೆರಳಿನ ವಿನ್ಯಾಸವೇ ಬೇರೆ. ಸ್ಯಾಕ್ಸ್ ಕ್ಲಾರಿನೆಟ್ಟಿನ ರೀಡನ್ನು ಉಳಿಸಿಕೊಂಡು, ಕೊಳವೆಯನ್ನು ಹಿತ್ತಾಳೆಯ ಶಂಕುವನ್ನಾಗಿ ಬದಲಿಸಿದ. ಶಂಕುವಿನಲ್ಲಿ ಸ್ವರ ನೇರ ಎಂಟನೆಯದಕ್ಕೆ ಏರುತ್ತದೆ. ಮಂದ್ರಕ್ಕೂ ಮಧ್ಯಕ್ಕೂ ಬಹುಪಾಲು ಅದೇ ಬೆರಳು ಸಾಕು.

ಆದರೆ ಶಂಕುವಿನ ಚೂಪಾದ ತುದಿಗೆ ಬಾಯಿಟ್ಟು ಊದಲಾಗದು. ತುದಿಯನ್ನು ಕತ್ತರಿಸಿ ಅಲ್ಲಿ ಮೌತ್‌ಪೀಸ್ ಕೂರಿಸಬೇಕು. ಕತ್ತರಿಸಿ ಹೋದ ತುದಿಯಲ್ಲಿ ಇರಬೇಕಾಗಿದ್ದಷ್ಟು ಗಾಳಿಗೆ ಮೌತ್‌ಪೀಸ್ ಜಾಗ ಕೊಡಬೇಕು. ಈ ಲೆಕ್ಕ ಕೂಡುವುದು ಅಥವಾ ತಪ್ಪುವುದು ವಾದಕರು ನೆಕ್ ಎನ್ನುವ ಬಾಗಿದ ಕತ್ತಿನಲ್ಲಿ. ವಾದ್ಯದ ಅತ್ಯಂತ ಕಿರಿದಾದ ಭಾಗ ಅದೇ ಆದ್ದರಿಂದ, ಬುಡದ ಅಗಲ ಬಾಯಲ್ಲಿ ಲೆಕ್ಕಕ್ಕೆ ಬಾರದ ಕೂದಲೆಳೆಯ ವ್ಯತ್ಯಾಸ ಇಲ್ಲಿ ಕಿವಿಗೆ ಕೇಳಿಸುತ್ತದೆ. ಕತ್ತಿನ ಒಳ ಅಳತೆ ಕೆಟ್ಟರೆ ಕೆಳಗಿನ ಸ್ಥಾಯಿಗೂ ಮೇಲಿನ ಸ್ಥಾಯಿಗೂ ಶ್ರುತಿ ಹೊಂದದು. ಅದು ಕೂಡುವಲ್ಲಿ ಗಾಳಿ ಸೋರಿದರೆ ಮಂದ್ರ ಸ್ವರಗಳು ಹೊರಡಲು ತಿಣುಕುತ್ತವೆ. ಕಿರಿದಾದರೆ ಉಸಿರಿಗೆ ತಡೆ ಹೆಚ್ಚಿ ನಾದ ಬಿಗಿಯಾಗುತ್ತದೆ, ಅಗಲವಾದರೆ ಸಡಿಲವಾಗುತ್ತದೆ ಎಂಬುದು ವಾದಕರ ಅನುಭವ. ಒಂದೇ ವಾದ್ಯಕ್ಕೆ ಎರಡು ಮೂರು ಕತ್ತುಗಳನ್ನು ಹಾಕಿ ನೋಡಿ ಆರಿಸುವವರು ಇಂದಿಗೂ ಇದ್ದಾರೆ.

1842ರಲ್ಲಿ ಸ್ಯಾಕ್ಸ್ ಪ್ಯಾರಿಸ್‌ಗೆ ಬಂದ. ಅದೇ ಜೂನ್‌ನಲ್ಲಿ ಸಂಗೀತ ರಚನಕಾರ ಹೆಕ್ಟರ್ ಬರ್ಲಿಯೋಜ್ ಪತ್ರಿಕೆಯಲ್ಲಿ ಹೊಸ ವಾದ್ಯವನ್ನು ಹೊಗಳಿ ಬರೆದ. 1845ರ ಏಪ್ರಿಲ್ 22ರಂದು ಷಾಂ ದ ಮಾರ್ಸ್ ಮೈದಾನದಲ್ಲಿ ಹಳೆಯ ಮಾದರಿಯ ಸೇನಾ ಬ್ಯಾಂಡಿಗೂ ಸ್ಯಾಕ್ಸ್ ವಾದ್ಯಗಳ ಬ್ಯಾಂಡಿಗೂ ಬಹಿರಂಗ ಸ್ಪರ್ಧೆ ನಡೆಯಿತು. ಜನ ಸ್ಯಾಕ್ಸ್ ಕಡೆಗೆ ವಾಲಿದರು; ಸೇನೆಯ ಬಾಗಿಲು ತೆರೆಯಿತು. 1846ರ ಜೂನ್‌ನಲ್ಲಿ ಸ್ಯಾಕ್ಸೊಫೋನ್‌ಗೆ ಪೇಟೆಂಟ್ ದೊರೆಯಿತು.

ಈ ಗೆಲುವೇ ಆತನಿಗೆ ಮುಳುವಾಯಿತು. ಮಾರುಕಟ್ಟೆ ಕಳೆದುಕೊಳ್ಳುವ ಭಯದಿಂದ ಪ್ಯಾರಿಸ್‌ನ ವಾದ್ಯ ತಯಾರಕರು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. ಆತನ ಆವಿಷ್ಕಾರಗಳಲ್ಲಿ ಹೊಸತೇನೂ ಇಲ್ಲವೆಂದು ವಾದಿಸಿದರು. ಮೊಕದ್ದಮೆಗಳು ವರ್ಷಗಟ್ಟಲೆ ಎಳೆದವು. ಸ್ಯಾಕ್ಸ್ ಹಲವನ್ನು ಗೆದ್ದ, ಆದರೆ ಗೆಲುವಿನ ಖರ್ಚಿಗೆ ಕಾರ್ಖಾನೆಯ ಆದಾಯ ಸಾಲಲಿಲ್ಲ. 1852ರಲ್ಲಿ ಮೊದಲ ಬಾರಿ ದಿವಾಳಿಯಾದ. ಮರುವರ್ಷ ತುಟಿಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಊದುವ ವಾದ್ಯಗಳನ್ನು ಮಾಡುವವನಿಗೆ ಇದಕ್ಕಿಂತ ಕ್ರೂರ ಕಾಯಿಲೆ ಮತ್ತೊಂದಿರಲಾರದು. ಕೆಲವು ವರ್ಷ ನರಳಿ ಗುಣಮುಖನಾದ.

1857ರಿಂದ ಪ್ಯಾರಿಸ್ ಸಂಗೀತ ಶಾಲೆಯಲ್ಲಿ ಸ್ಯಾಕ್ಸೊಫೋನ್ ಪಾಠ ಹೇಳಿದ. ಪೇಟೆಂಟ್ 1866ರಲ್ಲಿ ಮುಗಿಯಿತು. ಅಂದಿನಿಂದ ಯಾರು ಬೇಕಾದರೂ ಆ ವಾದ್ಯ ಮಾಡಬಹುದಾಯಿತು. 1870ರ ಯುದ್ಧದೊಂದಿಗೆ ತರಗತಿಯೂ ನಿಂತಿತು. 1873 ಮತ್ತು 1877ರಲ್ಲಿ ಮತ್ತೆ ದಿವಾಳಿ. ಆತ ಜೀವಮಾನವಿಡೀ ಕೂಡಿಹಾಕಿದ್ದ ವಾದ್ಯಗಳ ಸಂಗ್ರಹ ಹರಾಜಾಯಿತು. 1894ರ ಫೆಬ್ರುವರಿಯಲ್ಲಿ, 79ನೇ ವಯಸ್ಸಿನಲ್ಲಿ, ಬಡತನದಲ್ಲೇ ತೀರಿಕೊಂಡ. ಸಮಾಧಿ ಪ್ಯಾರಿಸ್‌ನ ಮಾಂಟ್‌ಮಾರ್ಟ್ರ್ ಸ್ಮಶಾನದಲ್ಲಿದೆ.

ಜಾಜ್ ಸಂಗೀತ ಆ ವಾದ್ಯವನ್ನು ಮನೆಮಾತಾಗಿಸಿದ್ದು ಆತ ಸತ್ತ ಎಷ್ಟೋ ವರ್ಷಗಳ ಮೇಲೆ. ಕೀಲಿಗಳು ಬದಲಾದವು, ಆತನ ಕಾಲದ ವಿಶಾಲ ಗುಡಾಣದ ಮೌತ್‌ಪೀಸ್ ಹೋಗಿ ಕಿರಿದಾದುದು ಬಂದು ದನಿ ಚುರುಕಾಯಿತು. ಶಂಕುವಿನ ಲೆಕ್ಕ ಮಾತ್ರ ಆತನದೇ. ಕಛೇರಿಗೆ ಮುನ್ನ ವಾದಕ ಕತ್ತಿನ ಬಿರಡೆಯ ಮೇಲೆ ಮೌತ್‌ಪೀಸನ್ನು ಒಳಗೆ ತಳ್ಳಿ ಶ್ರುತಿ ಏರಿಸುವಾಗ, ಹೊರಗೆ ಎಳೆದು ಇಳಿಸುವಾಗ ಅದೇ ಲೆಕ್ಕವನ್ನು ಸರಿಮಾಡುತ್ತಿರುತ್ತಾನೆ.

ಬೆಲ್ಜಿಯಂ ತಡವಾಗಿಯಾದರೂ ಸ್ಯಾಕ್ಸ್‌ನನ್ನು ನೆನೆಯಿತು. 1990ರ ದಶಕದಲ್ಲಿ 200 ಫ್ರಾಂಕಿನ ನೋಟಿನ ಮೇಲೆ ಆತನ ಮುಖ ಅಚ್ಚಾಯಿತು. ಬದುಕಿದ್ದಾಗ ಕೈಯಲ್ಲಿ ನಿಲ್ಲದ ಹಣದ ಮೇಲೆ, 2002ರಲ್ಲಿ ಯೂರೋ ಬರುವವರೆಗೆ, ಆತ ಇದ್ದ.